‘ಇಲ್ಲ’ ಅನ್ನುವ ಜಾಗ

ಅರ್ಜುಮಂದ್ ಎರಡು ದಿನದಿಂದ ಒಂದು ಕಡೆ ನೆಟ್ಟಗೆ ಕೂತಿರಲಿಲ್ಲ. ಕುರ್ಚಿಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ಕಾರಣ ಮುಕ್ತಿಯಾರ್.

ಇಬ್ಬರೂ ಸಿಂಧನೂರಿನ ಒಂದೇ ಆಸ್ಪತ್ರೆಯವರು. ಅವಳು ನರ್ಸ್, ಅವನು ಲ್ಯಾಬಿನವನು. ಆರು ತಿಂಗಳ ಹಿಂದೆ ಇಬ್ಬರು ರೋಗಿಗಳ ರಕ್ತದ ಬಾಟಲಿಗಳ ಹೆಸರಿನ ಚೀಟಿ ಅದಲುಬದಲಾಗಿತ್ತು. ರೋಗಿಗಳಿಗೇನೂ ಆಗಲಿಲ್ಲ. ಚೀಟಿ ಹಚ್ಚಿದ್ದು ಮುಕ್ತಿಯಾರ್, ರಕ್ತ ತೆಗೆದವಳೆಂದು ಎಲ್ಲರೆದುರು ಬೈಸಿಕೊಂಡವಳು ಅರ್ಜುಮಂದ್. ಅವನು ಬಾಯಿ ಬಿಡಲಿಲ್ಲ. ಅಲ್ಲಿಯವರೆಗೆ ನೆಪ ಹುಡುಕಿ ಲ್ಯಾಬಿನತ್ತ ಹೋಗುತ್ತಿದ್ದವಳು ಆಮೇಲೆ ಆ ಕಡೆ ತಲೆಯನ್ನೂ ಹಾಕಲಿಲ್ಲ.

ಸಿಬ್ಬಂದಿಯಲ್ಲಿ ನಂಬಿಕೆ ಬೆಳೆಯಲಿ ಎಂದು ದೊಡ್ಡ ಡಾಕ್ಟರು ಹನ್ನೆರಡು ಜನರನ್ನು ಮಸ್ಕಿಯ ಎರಡು ದಿನದ ಶಿಬಿರಕ್ಕೆ ಕಳಿಸಿದ್ದರು. ಅಲ್ಲಿ ನಾಟಕದ ಆಟ ಆಡಿಸುತ್ತಿದ್ದವರು ಲಿಂಗಸುಗೂರಿನ ನಿವೃತ್ತ ಟೀಚರ್ ಶಿವಬಸಮ್ಮ.

ಮೊದಲ ದಿನ ಕನ್ನಡಿಯಾಟ. ಒಬ್ಬರು ಮಾಡಿದ್ದನ್ನು ಎದುರಿನವರು ಹಾಗೇ ಮಾಡಬೇಕು. ಮುಕ್ತಿಯಾರ್ ಬಂದು ಅವಳೆದುರೇ ನಿಂತ. ಅವಳು ಹುಬ್ಬೇರಿಸಿದಳು, ಅವನೂ ಏರಿಸಿದ. ಅವಳು ಮೋರೆ ತಿರುವಿದಳು, ಅವನೂ ತಿರುವಿದ. ಓರೆಗಣ್ಣಲ್ಲಿ ನೋಡಿದರೆ ಅವನ ಓರೆಗಣ್ಣು ಆಗಲೇ ಅಲ್ಲಿ ಕಾದಿತ್ತು. ಸಿಟ್ಟಿನ ನಡುವೆ ನಗು ಬಂದೇಬಿಟ್ಟಿತು. ನಕ್ಕಿದ್ದಕ್ಕೆ ಮತ್ತಷ್ಟು ಸಿಟ್ಟು.

ಎರಡನೆಯ ದಿನದ ಆಟ ಬೇರೆ. "ಎದುರಿನವ್ರು ಏನರ ಅನ್ಲಿ, ‘ಹೌದು’ ಅಂದು ಕತಿ ಮುಂದ ಒಯ್ಯಬೇಕು. ‘ಇಲ್ಲ’ ಅನ್ನೂಹಂಗಿಲ್ಲ," ಅಂದರು ಶಿವಬಸಮ್ಮ.

ಮುಕ್ತಿಯಾರ್ ಅರ್ಜುಮಂದ್‌ಳತ್ತ ತಿರುಗಿದ. "ನಮ್ಮ ನಿಕಾ ಆಗಿ ಇವತ್ತಿಗೆ ಒಂದ್ ವರ್ಷ ಆತು, ಅಲ್ಲೇನ್ರಿ?"

ಎಲ್ಲರೂ ಹೋ ಎಂದರು. ಅರ್ಜುಮಂದ್‌ಳ ಕಿವಿ ಬಿಸಿಯಾಯಿತು. "ಹೌದು," ಅಂದಳು. "ವರ್ಷದಾಗ ನೀವು ಒಂದ್ ಮಾತೂ ಖರೇ ಹೇಳಿಲ್ಲ."

ಮಂದಿ ಇನ್ನೂ ಜೋರಾಗಿ ನಕ್ಕರು. ಅವನು ನಗಲಿಲ್ಲ. ಅವಳು ಸರಸರನೆ ಹೊರಗೆ ನಡೆದಳು.

ಅವನು ವರಾಂಡಕ್ಕೆ ಬಂದ. "ನಾ ಆಟಕ್ಕ ಅಂದಿದ್ದಲ್ಲರೀ."

"ಅದಕ್ಕ ಸಿಟ್ಟು. ‘ಇಲ್ಲ’ ಅನ್ನಾಕ ಬರಲಾರದ ಜಾಗದಾಗ ನಿಂದ್ರಿಸಿ ಕೇಳಿದ್ರಿ. ಅದು ಕೇಳಿದಂಗಾತೇನು?"

"ಹೆದರಿಕಿ ಆತು."

"ಚೀಟಿ ವಿಷಯದಾಗೂ ಹೆದರಿಕೀನ?"

"ಹೌದು. ಕೆಲಸ ಹೊಸದಿತ್ತು. ಆಮ್ಯಾಲ ದಿನಾ ಹೇಳಾಕ ಬರತಿದ್ನಿ, ನೀವು ಮುಖಾ ತಿರುಗಿಸಿ ಹೋಗತಿದ್ರಿ."

"ನನಗೇನು ಹೇಳತೀರಿ? ನನಗ ಗೊತ್ತೈತಿ. ಒಳಗ ಇಷ್ಟ್ ಮಂದಿ ಅದಾರ, ಅವರಿಗೆ ಹೇಳ್ರಿ."

ಅವನು ಅವಳನ್ನೊಮ್ಮೆ ನೋಡಿ ಒಳಗೆ ಹೋದ. ಅವಳು ವರಾಂಡದ ಈ ತುದಿಯಿಂದ ಆ ತುದಿಗೆ ನಡೆದಳು. ಹೇಳದಿದ್ದರೆ? ಹೇಳಿಬಿಟ್ಟರೆ? ಯಾವುದಕ್ಕೆ ಎದೆ ಹೊಡೆದುಕೊಳ್ಳುತ್ತಿದೆಯೋ ಅವಳಿಗೇ ತಿಳಿಯಲಿಲ್ಲ.

ಕಿಟಕಿಯಿಂದ ಅವನ ದನಿ ಕೇಳಿತು. "ಅವತ್ತ ಚೀಟಿ ತಪ್ಪು ಹಚ್ಚಿದಾಂವ ನಾನು. ಅರ್ಜುಮಂದ್ ಸಿಸ್ಟರ್‌ದು ಏನೂ ತಪ್ಪಿಲ್ಲ. ನಾಳೆ ಡಾಕ್ಟರಿಗೂ ಹೇಳತೀನಿ."



ಹೊರಬಂದಾಗ ಅವನ ಮುಖ ಬಿಳಿಚಿಕೊಂಡಿತ್ತು. ಆರು ತಿಂಗಳಲ್ಲಿ ಮೊದಲ ಸಲ ಅವಳು ಅವನನ್ನು ಸಿಟ್ಟಿಲ್ಲದೆ ನೇರ ನೋಡಿದಳು.

"ಈಗ ಕೇಳ್ರಿ. ಇಲ್ಲಿ ‘ಇಲ್ಲ’ ಅನ್ನಾಕ ಬರತೈತಿ."

ಅವನು ನಿಕಾದ ಮಾತು ಕೇಳಿದ. ಈ ಸಲ ದಖನಿಯಲ್ಲಿ, ಮನೆಯವರ ಜೊತೆ ಆಡುವ ಮಾತಿನಲ್ಲಿ, ಅವಳಿಗಷ್ಟೇ ಕೇಳುವಷ್ಟು ಮೆಲ್ಲಗೆ.

ಅರ್ಜುಮಂದ್ ಬೇಕೆಂದೇ ತಡಮಾಡಿದಳು. ಅವನು ಕಾಯುವುದನ್ನು ನೋಡುವುದು ಹಿತವಾಗಿತ್ತು.

"ಬರೂ ಐತವಾರ ನಿಮ್ಮ ಅಮ್ಮೀನ ಕರಕೊಂಡು ನಮ್ಮೂರು ಬಳಗಾನೂರಿಗೆ ಬರ್ರಿ. ಮನ್ಯಾಗ ಹೇಳಿರತೀನಿ."

ಅವನ ಮುಖ ಅರಳಿತು, ಮರುಕ್ಷಣವೇ ಬಾಡಿತು. "ಅಷ್ಟರಾಗ ಡಾಕ್ಟರು ಕೆಲಸದಿಂದ ತೆಗೆದ್ರ?"

"ತೆಗೆದ್ರೂ ಬರ್ರಿ," ಅಂದಳು ಅರ್ಜುಮಂದ್.