ಡಬ್ಬ ಬರಿದಾಗಿ ಹೋಗಬಾರದು

ಬಾಗಿಲು ತೆರೆದಾಗ ಬೋಮಿ ಮೊದಲು ನೋಡಿದ್ದು ಅವನ ಮುಖವನ್ನಲ್ಲ, ಕೈಯಲ್ಲಿದ್ದ ಡಬ್ಬವನ್ನು. ನೀಲಿ ಮುಚ್ಚಳ, ಅದರ ಅಂಚಿನಲ್ಲಿ ಒಲೆಗೆ ತಾಗಿ ಸುಟ್ಟ ಗುರುತು. ಅಮ್ಮನ ಡಬ್ಬ! ಒಂದು ವಾರದಿಂದ ಕೊರಿಯರ್‌ನವರ ಜೊತೆ ಕಿರುಚಾಡಿ ಗಂಟಲು ಕಟ್ಟಿಸಿಕೊಂಡಿದ್ದು ಇದಕ್ಕಾಗಿಯೇ.

"ನಮಸ್ಕಾರ. ನಾನು ಮೇಲಿನ ಮನೆಗೆ ಹೊಸದಾಗಿ ಬಂದಿರೋ ಪ್ಯೋ ಮಾನ್ಸು." ಅವನು ಹಲ್ಲು ಬಿಟ್ಟು ನಕ್ಕ. "ನೀವು ಕಳಿಸಿದ ಕಿಮ್ಚಿ ಇದ್ಯಲ್ಲ, ಅಬ್ಬಬ್ಬಾ! ಹಂದಿಮಾಂಸ ಹಾಕಿ ಸಾರು ಮಾಡಿ ಆಫೀಸಿನೋರನ್ನೆಲ್ಲ ಕರೆದೆ. ತಳದ ರಸಾನೂ ಬಿಡ್ಲಿಲ್ಲ, ಅನ್ನಕ್ಕೆ ಕಲಸಿಕೊಂಡು ತಿಂದ್ವಿ."

"ನಾನು ಕಳಿಸಿದ್ದಾ?"

"ಹೌದಲ್ವಾ? ನಾನು ಅಕ್ಕಿ ಕಡುಬು ಕೊಟ್ಟಿದ್ದಕ್ಕೆ..."

ಹೊಸ ಮನೆಗೆ ಬಂದವರು ಅಕ್ಕಪಕ್ಕದವರಿಗೆ ಕೆಂಪು ಕಾಳು ಉದುರಿಸಿದ ಅಕ್ಕಿ ಕಡುಬು ಹಂಚಬೇಕು. ಪಡೆದವರು ಏನಾದರೂ ತಿರುಗಿ ಕೊಡಬೇಕು. ಚೀನಾದ ಚಿಂಗ್‌ದಾವ್‌ಗೆ ಬಂದು ನೆಲೆಸಿದ ಕೊರಿಯಾದವರು ಏನನ್ನು ಬಿಟ್ಟರೂ ಇದನ್ನು ಬಿಡುವುದಿಲ್ಲ. ಇವನು ಕಡುಬು ಹಂಚಿದ ಮರುದಿನವೇ ಕೊರಿಯರ್‌ನವನು ಮಹಡಿ ತಪ್ಪಿ ಬೋಮಿಯ ಡಬ್ಬವನ್ನು ಇವನ ಬಾಗಿಲಲ್ಲಿಟ್ಟು ಹೋಗಿದ್ದ. ವಿಳಾಸದ ಚೀಟಿ ಮಳೆಗೆ ಕಿತ್ತು ಹೋಗಿತ್ತು. ಇವನು ಎರಡನೇ ಯೋಚನೆಯಿಲ್ಲದೆ ಮುಚ್ಚಳ ತೆಗೆದಿದ್ದ.

"ಡಬ್ಬ ಬರಿದಾಗಿ ಕೊಡಬಾರದು ಅಂತ..." ಅವನು ಮುಚ್ಚಳ ಸರಿಸಿದ. ಒಳಗೆ ಹಿಟ್ಟಿನಲ್ಲಿ ಅದ್ದಿ ಕಾವಲಿಯಲ್ಲಿ ಬೇಯಿಸಿದ ಕೋಸಿನ ಎಲೆಗಳಿದ್ದವು. ಉಪ್ಪಿಲ್ಲ, ಖಾರವಿಲ್ಲ, ಕೊರಿಯಾದ ದೇಗು ಊರಿನವರ ಸಪ್ಪೆ ತಿಂಡಿ. ಘಾಟು ಖಾರದಲ್ಲೇ ಬೆಳೆದ ಯೋಸು ಊರಿನ ಹುಡುಗಿಗೆ, ಅದೂ ಅವಳ ಅಮ್ಮನ ಡಬ್ಬದಲ್ಲಿ!

ಬೋಮಿ ಡಬ್ಬ ಕಿತ್ತುಕೊಂಡು ಅವನ ಮುಖಕ್ಕೇ ಬಾಗಿಲು ಹಾಕಿದಳು.

ಒಳಗೆ ಬಂದು ಅಳುತ್ತಾ ಅಣ್ಣನಿಗೆ ಫೋನ್ ಮಾಡಿದಳು. "ಇನ್ನೊಂದು ಸ್ವಲ್ಪ ಇಲ್ವಾ ಅಣ್ಣಾ? ಜಾಡಿಯ ತಳದಲ್ಲಿ?"

"ಇಲ್ಲ ಕಣೇ. ಅಮ್ಮನ ಕೈಯಲ್ಲಿ ಆದ ಕೊನೇದು ಅದು. ಈಗ ಉಪ್ಪಿನ ಡಬ್ಬ ಹಿಡ್ಕೊಂಡು ಇದೇನು ಅಂತ ನನ್ನನ್ನೇ ಕೇಳ್ತಾಳೆ."

ಅಮ್ಮನ ಸಾಸಿವೆ ಸೊಪ್ಪಿನ ಕಿಮ್ಚಿ, ಉಪ್ಪಿನಕಾಯಿಯ ಹಾಗೆ ಹುದುಗಿಸಿದ್ದು. ತಿಂಗಳುಗಟ್ಟಲೆ ಹುಳಿ ಬಂದು ಕಪ್ಪಾಗಿ, ಮೂಗಿಗೆ ಚುರ್ ಎನ್ನುತ್ತಿತ್ತು. ಅಮ್ಮನಿಗೆ ಮಗಳ ಹೆಸರು ಮರೆತು ಹೋಗಿದೆ, ಕೈಗೂ ಅಳತೆ ಮರೆತು ಹೋಗಿದೆ. ಆ ರುಚಿ ಲೋಕದಲ್ಲಿ ಉಳಿದಿದ್ದು ಆ ಒಂದೇ ಡಬ್ಬದಲ್ಲಿ. ಅದನ್ನು ಇವನು ಕೆಲಸ ಮಾಡುವ ಮೀನಿನ ಬಲೆ ಮಾರುವ ಕಂಪನಿಯ ಗುಮಾಸ್ತರೆಲ್ಲ ಸೇರಿ ಬಾಯಿ ಚಪ್ಪರಿಸಿಕೊಂಡು ಮುಗಿಸಿದ್ದರು. ಇವನನ್ನು ಸುಮ್ಮನೆ ಬಿಡುವುದುಂಟೆ?

ಮರುದಿನ ಅವನು ಕೊರಿಯರ್‌ನವನಿಂದ ವಿಷಯ ತಿಳಿದು ಓಡಿ ಬಂದ. ಬಾಗಿಲಲ್ಲಿ ಸೊಂಟ ಬಗ್ಗಿಸಿ ನಿಂತವನು ತಲೆ ಎತ್ತಲಿಲ್ಲ. "ಹೇಗೆ ತೀರಿಸಲಿ ಹೇಳಿ."

"ಯಾವ ನಾಲಿಗೆ ತಿಂತೋ ಆ ನಾಲಿಗೇನೇ ತೀರಿಸಲಿ," ಎಂದಳು ಬೋಮಿ. "ಇದೇ ಡಬ್ಬದಲ್ಲಿ ನೀವೇ ಮಾಡ್ಕೊಂಡು ಬನ್ನಿ, ಅಂಕಲ್. ಅದೇ ರುಚಿ. ಅದೇ ಅಂತ ನಾನು ಹೇಳೋವರೆಗೂ ಬಿಡುಗಡೆ ಇಲ್ಲ."

"ಅಂಕಲ್ಲಾ? ನನಗಿನ್ನೂ ಮೂವತ್ಮೂರು!"

"ನನ್ನ ಅಮ್ಮನ ಕಿಮ್ಚಿಗಿಂತ ಹಳಬರೇ ಅಲ್ವಾ, ಅಂಕಲ್."

ಶಿಕ್ಷೆ ಶುರುವಾಯಿತು. ಅವನು ಭಾನುವಾರದ ಸಂತೆಯಿಂದ ಸಾಸಿವೆ ಸೊಪ್ಪು ಹೊತ್ತು ತಂದು, ಉಪ್ಪು ಹಚ್ಚಿ, ಮೀನಿನ ರಸ ಸುರಿದು, ಹುಳಿ ಬರಲು ಇಟ್ಟು, ಅದೇ ನೀಲಿ ಮುಚ್ಚಳದ ಡಬ್ಬ ತುಂಬಿಕೊಂಡು ಕೆಳಗಿಳಿಯುತ್ತಿದ್ದ. ಬೋಮಿ ಹೊಸ್ತಿಲಲ್ಲೇ ನಿಲ್ಲಿಸಿ ಒಂದು ಎಳೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅವಳು ಅಗಿಯುವಷ್ಟು ಹೊತ್ತೂ ಅವನು ಉಸಿರು ಹಿಡಿದು ಅವಳ ತುಟಿಯನ್ನೇ ನೋಡುತ್ತಿದ್ದ. ಅದು ಗೊತ್ತಿದ್ದೇ ಅವಳು ನಿಧಾನವಾಗಿ ಅಗಿಯುತ್ತಿದ್ದಳು. ಹಿಂಸೆ ಕೊಡುವುದಾದರೆ ಪೂರ್ತಿ ಕೊಡಬೇಕು.

"ಥೂ. ಇದನ್ನ ಬಲೆಗೆ ಕಟ್ಟಿ ಸಮುದ್ರಕ್ಕೆ ಹಾಕಿ. ಮೀನೂ ಮೂಸಲ್ಲ."

ಆದರೆ ಮುಂದಿನ ಸಲಕ್ಕೆ ಡಬ್ಬ ವಾಪಸು ಕೊಡಬೇಕಲ್ಲ. ಬರಿದಾಗಿ ಕೊಡಲು ಅಮ್ಮ ಬೆಳೆಸಿದ ಕೈ ಏಳುತ್ತಿರಲಿಲ್ಲ. ತುಂಬಿಯೇ ಕೊಟ್ಟಳು, ದ್ವೇಷದಿಂದ ತುಂಬಿದಳು. ಒಮ್ಮೆ ಕಣ್ಣಲ್ಲಿ ನೀರು ಬರಿಸುವ ಹಸಿಮೆಣಸಿನಕಾಯಿ. ಒಮ್ಮೆ ಹಸಿ ಹಾಗಲಕಾಯಿ. ಕೊನೆಗೆ ತನ್ನ ಸೀಮೆಯ ಬ್ರಹ್ಮಾಸ್ತ್ರ: ಹುದುಗಿಸಿದ ತೊರಕೆ ಮೀನು. ಅದರ ಘಾಟಿಗೆ ದೇಗು ಕಡೆಯವರು ಊರು ಬಿಟ್ಟು ಓಡುತ್ತಾರೆಂದು ಯೋಸುವಿನ ಮಕ್ಕಳಿಗೂ ಗೊತ್ತು.

ಮರುದಿನ ಬೆಳಿಗ್ಗೆ ಲಿಫ್ಟಿನಲ್ಲಿ ಅವನು ಸಿಕ್ಕ. ಕಣ್ಣು ಕೆಂಡದ ಹಾಗಿದ್ದವು.

"ತಿಂದ್ರಾ?"

"ತಿಂದೆ. ಮೂಗಿನೊಳಗೆ ಇದ್ದದ್ದೆಲ್ಲ ಸುಟ್ಟು ಹೋಯ್ತು." ಅವನ ಕಿವಿಯ ತುದಿ ಮೆಲ್ಲಗೆ ಕೆಂಪಾಯಿತು. "ನೀವು ಕೈಯಾರೆ ಕೊಟ್ಟಿದ್ದನ್ನ ಚೆಲ್ಲೋಕೆ ಆಗ್ಲಿಲ್ಲ."

ಬೋಮಿ ಲಿಫ್ಟಿನ ಗುಂಡಿಗಳನ್ನೇ ದಿಟ್ಟಿಸಿದಳು. ನಗು ಬಂದರೆ ಸೋತಂತೆ. ಅವಳು ನಗಲಿಲ್ಲ, ಆದರೆ ಸಂಜೆ ಕೊರಿಯನ್ ಭಾಷೆಯ ಪಾಠ ಹೇಳುವಾಗ ಕಾರಣವಿಲ್ಲದೆ ನಕ್ಕು ಚೀನೀ ವಿದ್ಯಾರ್ಥಿಗಳೆದುರು ಪೆಚ್ಚಾದಳು.

ಬೇಸಿಗೆ ಕಳೆಯಿತು. ಕಿಮ್ಚಿ ಹತ್ತಿರ ಹತ್ತಿರ ಬರುತ್ತಿತ್ತು. ಒಮ್ಮೊಮ್ಮೆ ನಾಲಿಗೆ ಅಮ್ಮನ ಅಡುಗೆಮನೆಯ ಬಾಗಿಲವರೆಗೆ ಹೋಗಿ ನಿಂತುಬಿಡುತ್ತಿತ್ತು. ಏನೋ ಒಂದು ಕಡಿಮೆ. ಯಾವ ಸಿಹಿ ಅದು? ಸಕ್ಕರೆಯಲ್ಲ, ಪೇರ್ ಹಣ್ಣೂ ಅಲ್ಲ. ಆಮೇಲೆ ಶರತ್ಕಾಲದಲ್ಲಿ ಅವನ ಕೈ ಇದ್ದಕ್ಕಿದ್ದಂತೆ ಕೆಟ್ಟಿತು. ಒಮ್ಮೆ ಉಪ್ಪು ಜಾಸ್ತಿ, ಒಮ್ಮೆ ಬೆಳ್ಳುಳ್ಳಿ ಜಾಸ್ತಿ. ಬೋಮಿ ಬೈದಳು, ಒಳಗೊಳಗೇ ಯಾಕೋ ಹಗುರಾದಳು. ಅವನು ಗೆದ್ದರೆ ಭಾನುವಾರ ಬಾಗಿಲು ತಟ್ಟುವವರು ಯಾರು? ಈ ಯೋಚನೆ ಬಂದ ದಿನ ತನ್ನ ಮೇಲೇ ಸಿಟ್ಟು ಬಂದು, ಡಬ್ಬಕ್ಕೆ ಇನ್ನೊಂದು ಹಿಡಿ ಹಸಿಮೆಣಸಿನಕಾಯಿ ತುರುಕಿದಳು.

ಮೊದಲ ಹಿಮ ಬಿದ್ದ ಭಾನುವಾರ ಅವನು ಬಂದ. ತಲೆಯ ಮೇಲೆ ಹಿಮದ ಹರಳು ಇನ್ನೂ ಕರಗಿರಲಿಲ್ಲ. ಅವನ ಮುಖದಲ್ಲಿ ನಗು ಇರಲಿಲ್ಲ.

ಬೋಮಿ ಒಂದು ಎಳೆ ಬಾಯಿಗಿಟ್ಟಳು.

ಅದೇ. ಮೂಗಿಗೆ ಚುರ್ ಎಂದ ಘಾಟು, ಆಮೇಲೆ ಹುಳಿ, ಎಲ್ಲಕ್ಕಿಂತ ಕೊನೆಗೆ ಆ ಸಿಹಿ. ಅಮ್ಮ ಖಾರದಿಂದ ಕೆಂಪಾದ ಬೆರಳಿಂದ ಎಳೆ ಸುತ್ತಿ, "ಬಾಯಿ ತೆಗಿ, ಮರಿ" ಎನ್ನುತ್ತಿದ್ದಳು. ಅಮ್ಮನ ಕೈರುಚಿ ನಾಲಿಗೆಯ ಮೇಲೆ ಪೂರ್ತಿಯಾಗಿ ಬಂದು ಕೂತಿತ್ತು. ಕಣ್ಣು ತುಂಬಿ ಬಂತು. ಅವಳು ಗೋಡೆಯ ಕಡೆ ತಿರುಗಿದಳು.

ಹೌದು ಎಂದರೆ ಎಲ್ಲ ಮುಗಿಯಿತು. ಅವನಿಗೆ ಬಿಡುಗಡೆ.

"ಉಪ್ಪು ಸಾಲದು," ಎಂದಳು ಬೋಮಿ.

"ಸಾಧ್ಯಾನೇ ಇಲ್ಲ! ಅಕ್ಟೋಬರಿಂದ ಅದೇ ಜಾಡೀಲಿರೋದು ಇದು..." ಮಾನ್ಸು ನಾಲಿಗೆ ಕಚ್ಚಿಕೊಂಡ.

"ಅಕ್ಟೋಬರಿಂದಾ?"

ಅವನು ಡಬ್ಬದ ಮುಚ್ಚಳ ಮುಚ್ಚಲು ಹೋದ. ಕಿವಿ ಪೂರ್ತಿ ಕೆಂಪಾಗಿತ್ತು.

"ಪ್ಯೋ ಮಾನ್ಸು!"

"ಅವತ್ತು ನಿಮ್ಮಮ್ಮನ ಕಿಮ್ಚಿ ತಿನ್ನುವಾಗ ಎಲೆ ನಡುವೆ ಒಂದು ಸಣ್ಣ ಸಿಪ್ಪೆ ಸಿಕ್ಕಿತ್ತು. ಕೆಂಪಗೆ. ಟೊಮೆಟೊ ಅಂದ್ಕೊಂಡಿದ್ದೆ. ಶರತ್ಕಾಲದಲ್ಲಿ ಎದುರು ಬಾಲ್ಕನೀಲಿ ಟೊಮೆಟೊ ಹಾಗಿರೋ ಸಿಹಿ ಪರ್ಸಿಮನ್ ಹಣ್ಣು ಸುಲಿದು ಒಣಗೋಕೆ ನೇತು ಹಾಕಿದ್ರು. ಆಗ ಹೊಳೀತು. ನಿಮ್ಮಮ್ಮ ಸಕ್ಕರೆ ಬದಲು ಅದನ್ನೇ ಹಿಚುಕಿ ಹಾಕ್ತಿದ್ರು. ಮಾಡಿದೆ. ಸರಿಯಾಗಿ ಬಂತು."

"ಬಂದ್ರೂ ನಂಗೆ ಆ ಹಾಳುಮೂಳು ತಿನ್ಸಿದ್ರಾ?"

"ಸರಿಯಾದ್ದು ಕೊಟ್ಟ ದಿನ ನೀವು ಬಾಗಿಲು ಹಾಕ್ಕೊಂಡುಬಿಡ್ತಿದ್ರಿ." ಅವನ ದನಿ ಇಳಿಯಿತು. "ನನಗೆ ಈ ಬಾಗಿಲು ಬೇಕಿತ್ತು ಬೋಮಿ. ಬೈಸಿಕೊಳ್ಳೋಕಾದ್ರೂ ಸರಿ. ಆದ್ರೆ ನಿನ್ನೆ ನೀವು ಫೋನಲ್ಲಿ ಅಮ್ಮನ ಹತ್ರ ನಾನು ಬೋಮಿ, ನಾನು ಬೋಮಿ ಅಂತ ಹೇಳ್ತಾ ಇದ್ದದ್ದು ಮೆಟ್ಟಿಲಲ್ಲಿ ಕೇಳಿಸ್ತು. ಆಮೇಲೆ ಬಚ್ಚಿಡೋಕೆ ಆಗ್ಲಿಲ್ಲ."

ಬೋಮಿ ಚಪ್ಪಲಿಯನ್ನೂ ಮೆಟ್ಟದೆ ಡಬ್ಬ ಹಿಡಿದು ಮೆಟ್ಟಿಲು ಹತ್ತಿದಳು. ಹಿಂದೆಯೇ ಅವನು. ಅವನ ಮನೆಗೆ ಅವಳು ಕಾಲಿಟ್ಟಿದ್ದು ಅದೇ ಮೊದಲು. ನೇರವಾಗಿ ಬಾಲ್ಕನಿಗೆ ಹೋಗಿ, ಹಿಮ ಕೂತ ಜಾಡಿಯ ಮುಚ್ಚಳ ಎತ್ತಿದಳು. ಯೋಸುವಿನ ಮನೆಯ ಘಾಟು ಮುಖಕ್ಕೆ ರಾಚಿತು.

ಅವಳು ಅವನನ್ನು ತಿರುಗಿಸಿ ಬೆನ್ನಿಗೆ ಪಟಪಟನೆ ಬಾರಿಸಿದಳು, ಅಮ್ಮ ಬಾರಿಸುತ್ತಿದ್ದ ಹಾಗೆಯೇ, ಅಂಗೈ ಪೂರ್ತಿ ಬಿಚ್ಚಿ. "ಕಳ್ಳ! ಒಂದ್ಸಲ ಕದ್ದಿದ್ದು ಸಾಲ್ದು ಅಂತ ಎರಡನೇ ಸಲ! ನನ್ನ ಅಮ್ಮ ಇಲ್ಲೇ, ನನ್ನ ತಲೆ ಮೇಲೇ ಇದ್ದಳು!" ಹೊಡೆಯುತ್ತಲೇ ಅತ್ತಳು. ಅವನು ತಪ್ಪಿಸಿಕೊಳ್ಳಲಿಲ್ಲ. ಕೈ ಸೋತಾಗ ಅವಳ ಹಣೆ ಅವನ ಬೆನ್ನಿಗೇ ಒರಗಿತು. ಅವನು ಅಲುಗಾಡದೆ ನಿಂತ.

"ಉಪ್ಪು ಸರಿಯಾಗಿತ್ತು," ಎಂದಳು ಕೊನೆಗೆ, ಅವನ ಅಂಗಿಯೊಳಗೇ. "ನಾನೂ ಸುಳ್ಳು ಹೇಳ್ದೆ."

"ಯಾಕೆ?"

"ನಿಮಗಿದ್ದ ಕಾರಣಾನೇ ನನಗೂ. ಬಿಡಿಸಿ ಹೇಳಬೇಕಾ?"

ಬೆನ್ನು ಮೆಲ್ಲಗೆ ಕುಲುಕಿತು. ನಗುತ್ತಿದ್ದಾನೆ, ಪಾಪಿ!

"ನಗಬೇಡಿ. ಹೊಸ ಶಿಕ್ಷೆ ಇದೆ. ಹೊಸ ವರ್ಷಕ್ಕೆ ನನ್ನ ಜೊತೆ ಊರಿಗೆ ಹಡಗು ಹತ್ತಬೇಕು. ಇದನ್ನ ಅಮ್ಮನ ತಟ್ಟೆಗೆ ನೀವೇ ಬಡಿಸಬೇಕು. ಅವಳು ಯಾರನ್ನೂ ಗುರುತಿಸಲ್ಲ. ಬೈದ್ರೂ, ಎತ್ತಿ ಎಸೆದ್ರೂ ಅಲ್ಲೇ ಕೂತಿರಬೇಕು."

"ಕೂತಿರ್ತೀನಿ. ಯಾರು ಅಂತ ಪರಿಚಯ ಮಾಡಿಸ್ತೀರಾ?"

"ಕಿಮ್ಚಿ ಕಳ್ಳ ಅಂತ."

"ಅಷ್ಟೇನಾ?"

ಬೋಮಿ ಅಡುಗೆಮನೆಗೆ ನಡೆದಳು. ಡಬ್ಬದಲ್ಲಿದ್ದ ಕಿಮ್ಚಿಯನ್ನು ಅವನ ತಟ್ಟೆಗೆ ಸುರಿದಳು. ಡಬ್ಬವನ್ನು ಅವನ ಸಿಂಕಿನಲ್ಲೇ ತೊಳೆದು, ಒರೆಸಿ, ಅವನ ಬಟ್ಟಲುಗಳ ಪಕ್ಕ ಕಪಾಟಿನಲ್ಲಿ ಬೋರಲು ಹಾಕಿದಳು. ಮಾನ್ಸು ಬರಿದಾದ ಆ ಡಬ್ಬವನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ಡಬ್ಬ ಇನ್ನು ಎಲ್ಲಿಗೂ ಹೋಗುವುದಿಲ್ಲ ಎಂದು ಅರ್ಥವಾಗಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಏನ್ ನೋಡ್ತೀರಾ? ಅನ್ನ ಇದೆಯಾ?"

"ಇದೆ. ಬಿಸಿ ಇದೆ."

"ಹಾಗಾದ್ರೆ ಬಡಿಸಿ," ಎಂದು ಬೋಮಿ ಚಕ್ಕಳಮಕ್ಕಳ ಹಾಕಿ ಕೂತಳು. "ನನ್ನ ಸೇಡು ಇನ್ನೂ ಮುಗಿದಿಲ್ಲ."