ಗಾಳಿ ಗನ್ನಿಗೆ ಹೋದ ಬುಗುರಿ

ಮಂಚದ ಕೆಳಗಿಲ್ಲ, ಗೂಡಿನಲ್ಲಿಲ್ಲ, ಪಾಟಿಚೀಲದಲ್ಲೂ ಇಲ್ಲ. ಗಿರಿ ಮನೆಯನ್ನೆಲ್ಲ ತಲೆಕೆಳಗು ಮಾಡಿದಳು, ಬುಗುರಿ ಸಿಗಲಿಲ್ಲ.

ಹೊರಗೆ ಬೀದಿಯ ಗೆಳೆಯ ಜಮಾಲುದ್ದೀನ್ ಚಾಟಿ ಸುತ್ತಿಕೊಂಡು ನಿಂತಿದ್ದ. ಇವತ್ತು ಇಬ್ಬರಿಗೂ ಫೈನಲ್ ಮ್ಯಾಚ್. ಸೋತವರು ಬೇಸಿಗೆ ರಜೆ ಮುಗಿಯುವವರೆಗೆ ಆಟಕ್ಕಿಲ್ಲ. ಬರದಿದ್ದರೂ ಸೋತ ಲೆಕ್ಕವೇ ಎಂದು ಅವನು ಎರಡು ಸಲ ನೆನಪಿಸಿದ.

ಅದು ಅಂತಿಂಥ ಬುಗುರಿಯಲ್ಲ. ಗಿರಿಯ ಅಪ್ಪ ಕುಬೇರಪ್ಪ ಹರಿಹರದ ಕಾರ್ಖಾನೆಯಲ್ಲಿ ಲೇತ್ ನಡೆಸುವವನು. ಊಟದ ಬಿಡುವಿನಲ್ಲಿ ಜಾಲಿ ಕಟ್ಟಿಗೆ ಕಡೆದು ಮಾಡಿಕೊಟ್ಟದ್ದು. ಬಿಟ್ಟರೆ ನಿಂತಲ್ಲೇ ನಿದ್ದೆ ಹೋದಂತೆ ತಿರುಗುತ್ತಿತ್ತು.

"ನಿಮ್ಮಪ್ಪ ಹೊಳಿಗೆ ಹೋಗ್ಯಾನೆ. ಅವನ್ನ ಕೇಳು," ಎಂದಳು ಬೀಸುಕಲ್ಲಿನ ಮುಂದೆ ಕೂತಿದ್ದ ತಿಮ್ಮವ್ವಜ್ಜಿ.

ಗಿರಿ ಹುಡುಕುವುದನ್ನು ಬಿಟ್ಟಳು.

ಅಪ್ಪ ಹೊಳೆಗೆ ಹೋದನೆಂದರೆ ಗಾಳಿ ಗನ್ನು ಹಿಡಿದೇ. ಕಾರ್ಖಾನೆಯ ಪರದೇಶದ ಸಾಹೇಬರೊಬ್ಬರು ಊರಿಗೆ ಹೋಗುವಾಗ ಅಪ್ಪನಿಗೆ ಕೊಟ್ಟು ಹೋದದ್ದು. ನೀರಿನೊಳಗೆ ಮುಳುಗಿ ಮೀನಿಗೆ ಹೊಡೆಯುವ ಗನ್ನು. ಅದರ ಹೊಟ್ಟೆಯಲ್ಲಿ ಬಿಗಿಯಾಗಿ ಗಾಳಿ ತುಂಬಿರುತ್ತದೆ. ಕಬ್ಬಿಣದ ಸರಳನ್ನು ನಳಿಗೆಯೊಳಗೆ ಟಕ್ ಎನ್ನುವವರೆಗೆ ಒತ್ತಬೇಕು. ಗಾಳಿ ಅದಕ್ಕೆ ಒಪ್ಪುವುದಿಲ್ಲ. ಒತ್ತಿದ ಅಂಗೈ ಸುಲಿದು ಹೋಗುತ್ತದೆ.

ಅಂಗೈಗೂ ಸರಳಿಗೂ ನಡುವೆ ಇಡಲು ಏನಾದರೂ ಬೇಕಿತ್ತು. ಅಪ್ಪ ಮೊದಲು ಅಜ್ಜಿಯ ಲಟ್ಟಣಿಗೆಯ ತುದಿಗೆ ಸರಳಿನ ಮೊನೆ ಕೂರುವಷ್ಟು ತೂತು ಕೊರೆದ. ಅದು ಸೀಳಿ ಎರಡಾಯಿತು. ಆಮೇಲೆ ಬೀಸುಕಲ್ಲಿನ ಗೂಟ ಕಿತ್ತುಕೊಂಡು ಹೋದ. ಅದು ಸಣ್ಣದು, ಒತ್ತಿ ಒತ್ತಿ ಅಂಗೈಗೆ ಬಾವು ಬಂತು. ಅಜ್ಜಿ ಅವತ್ತಿನಿಂದ ಕಲ್ಲಿಗೆ ಸೌಟಿನ ಹಿಡಿ ಸಿಕ್ಕಿಸಿ ಬೀಸುತ್ತಿದ್ದಳು. ಅದನ್ನು ನೋಡಿ ಗಿರಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಅಜ್ಜಿ ಗೊಣಗಿದಾಗ, ಒಂದು ಗೂಟಕ್ಕೆ ಇಷ್ಟೊಂದಾ ಅಂತಲೂ ಕೇಳಿದ್ದಳು.

ಮೀನು ಮಾತ್ರ ಇದುವರೆಗೆ ಒಂದೂ ಬಿದ್ದಿರಲಿಲ್ಲ. "ಬೆಟ್ಟ ಅಗೆದವನಿಗೆ ಇಲಿನಾದ್ರೂ ಸಿಕ್ತು," ಎನ್ನುತ್ತಿದ್ದಳು ಅಜ್ಜಿ.

ಗಿರಿ ಹೊಳೆಗೆ ಓಡಿದಳು. ಅಪ್ಪ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ. ಸರಳಿನ ತುದಿಗೆ ಬುಗುರಿ ಕೂತಿತ್ತು. ಮೊಳೆ ಇರಲಿಲ್ಲ. ಅಪ್ಪ ಅದರ ದಪ್ಪ ತಲೆಯ ಮೇಲೆ ಅಂಗೈ ಇಟ್ಟು ಒತ್ತಿದ. ಟಕ್ ಎಂದಿತು.

"ನೋಡಿದ್ಯಾ ಗಿರಿ? ಕೈಗೆ ಏನೂ ಆಗ್ಲಿಲ್ಲ," ಎಂದ. ಮುಖ ಊರಗಲವಾಗಿತ್ತು.

"ಅದು ನಂದು."

ಸಾಯಂಕಾಲ ಮತ್ತೆ ಮೊಳೆ ಹೊಡೆದುಕೊಡುತ್ತೇನೆ ಎಂದು ಅಪ್ಪ ಬುಗುರಿಯನ್ನು ಅವಳ ಕೈಗಿತ್ತ. ಮೊಳೆ ಕಿತ್ತು ಕೊರೆದ ತೂತಿನಲ್ಲಿ ಗಿರಿಯ ಕಿರುಬೆರಳೇ ಹೋಯಿತು. ಇನ್ನು ಯಾವ ಮೊಳೆಯೂ ಅಲ್ಲಿ ನಿಲ್ಲುವುದಿಲ್ಲ. ಲೇತ್ ನಡೆಸುವವನಿಗೆ ಅದು ಗೊತ್ತಿಲ್ಲವೇ?

"ನನ್ನ ಕೇಳಬಹುದಿತ್ತಲ್ಲ?"

"ಕೇಳಿದ್ರೆ ಕೊಡ್ತಿದ್ದಿಲ್ಲ ನೀನು."

ಅದು ನಿಜವಾಗಿತ್ತು. ಅದಕ್ಕೇ ಅವಳಿಗೆ ಇನ್ನೂ ಸಿಟ್ಟು ಬಂತು, ಕಣ್ಣು ತುಂಬಿತು. ಅಪ್ಪ ನಕ್ಕುಬಿಟ್ಟ.

"ಒಂದು ಬುಗುರಿಗೆ ಇಷ್ಟೊಂದಾ?"

ಗಿರಿ ಅಳು ನಿಲ್ಲಿಸಿ ಅಪ್ಪನನ್ನೇ ನೋಡಿದಳು. ಆ ಮಾತು ಅವಳಿಗೆ ಗುರುತಿತ್ತು, ಆ ನಗುವೂ ಗುರುತಿತ್ತು.

ಬಂಡೆಯ ಮೇಲೆ ಅಪ್ಪನ ಚೀಲವಿತ್ತು. ಅದರಲ್ಲಿ ಎರಡು ಹೋಳು ಲಟ್ಟಣಿಗೆ, ಕೆಳಗೆ ಗೂಟ. ಗಿರಿ ಬುಗುರಿಯನ್ನು ಬಂಡೆಯ ಮೇಲಿಟ್ಟು ಗೂಟ ಎತ್ತಿಕೊಂಡಳು.

"ಅದು ಯಾಕ?" ಎಂದ ಅಪ್ಪ.

"ಇದು ಅಜ್ಜಿದು."

ಅಪ್ಪ ಗನ್ನು ಹಿಡಿದು ಆಳಕ್ಕೆ ನಡೆದ. ಆಮೇಲೆ ನೀರಿನಲ್ಲಿ ಮುಳುಗಿದ. ಎದ್ದಾಗ ಸರಳಿನಲ್ಲಿ ಸ್ವಲ್ಪ ಪಾಚಿ ಇತ್ತು.

ಬೀದಿಯಲ್ಲಿ ಜಮಾಲುದ್ದೀನ್ ಇನ್ನೂ ಕಾಯುತ್ತಿದ್ದ. ಬುಗುರಿ ಹೋಯಿತು, ತಾನು ಸೋತೆ ಎಂದು ಗಿರಿ ಹೇಳಿದಳು. ಗೆದ್ದವನಿಗೆ ಅದರಿಂದ ಅಂಥ ಖುಷಿಯೇನೂ ಆದಂತೆ ಕಾಣಲಿಲ್ಲ.

ಅಜ್ಜಿ ಸೌಟಿನ ಹಿಡಿಯಲ್ಲೇ ಜೋಳ ಬೀಸುತ್ತಿದ್ದಳು. ಅವಳ ಬೆರಳಿನ ಗೆಣ್ಣು ಸುಲಿದಿತ್ತು. ಅದು ಗಿರಿಯ ಕಣ್ಣಿಗೆ ಬಿದ್ದದ್ದು ಇವತ್ತೇ. ಅವಳು ಸೌಟು ಎಳೆದು ಹಾಕಿ, ಗೂಟವನ್ನು ಕುಳಿಯಲ್ಲಿಟ್ಟು ಗುಂಡುಕಲ್ಲಿನಿಂದ ನಾಲ್ಕು ಏಟು ಹಾಕಿದಳು. ಗಟ್ಟಿಯಾಗಿ ಕೂತಿತು.

ಅಜ್ಜಿ ಗೂಟ ಹಿಡಿದು ಒಂದು ಸುತ್ತು ತಿರುಗಿಸಿ ನೋಡಿದಳು. ಮೊಮ್ಮಗಳ ಮುಖವನ್ನೂ ನೋಡಿದಳು.

"ಇವತ್ತು ನಗಲಿಲ್ಲೇನು?"

"ಇಲ್ಲ," ಎಂದಳು ಗಿರಿ. ಎದುರಿಗೆ ಕೂತು, ಅಜ್ಜಿಯ ಕೈಯ ಮೇಲೆ ಕೈ ಇಟ್ಟು ಕಲ್ಲು ತಿರುಗಿಸಿದಳು.