ಸಪ್ಪೆ ಉಪ್ಪು

“ಆ ಹೋಟೆಲ್ಲಿನ ಮೆಟ್ಟಿಲು ನಾನು ಹತ್ತಲ್ಲ! ನನ್ನ ಗಂಡನನ್ನ ನುಂಗಿದ ಜಾಗ ಅದು. ಅವರನ್ನ ಅಲ್ಲಿಗೆ ಎಳಕೊಂಡು ಹೋಗಿ ಹೋಗಿ ಮುಗಿಸಿದವಳು ಈಗ ನನ್ನನ್ನೂ ಕರೀತಾ ಇದ್ದಾಳೆ. ನನ್ನ ಸೇವೆಯೂ ಸಾಕಾಗಿರಬೇಕು ಅವಳಿಗೆ!”

ಅತ್ತೆ ಹೀಗೆ ಕೂಗಾಡುವಾಗ ಸೊಸೆ ಬಾಗಿಲ ಬಳಿ ಅವರ ಚಪ್ಪಲಿ ಹಿಡಿದು ನಿಂತಿದ್ದಳು. ಅತ್ತೆಗೆ ಬಗ್ಗುವುದು ಕಷ್ಟವೆಂದು ತಾನೇ ಒರೆಸಿ ತಂದಿದ್ದಳು. ಅವಳು ಚಪ್ಪಲಿಯನ್ನು ಅತ್ತೆಯ ಕಾಲ ಹತ್ತಿರ ಇಟ್ಟು ಪಕ್ಕಕ್ಕೆ ಸರಿದಳು.

“ಕರೆದಿರೋದು ಟೈಲರ್ ಮಾವ ಅಮ್ಮಾ,” ಎಂದ ಮಗ, ಗೋಡೆಯ ಕಡೆ ನೋಡುತ್ತ. “ಅಂಗಡಿ ಮುಚ್ಚಿ ಮಗಳ ಊರಿಗೆ ಹೊರಟಿದ್ದಾರೆ. ಅಪ್ಪನ ಗೆಳೆಯರು ಅಂತ ಉಳಿದಿರೋರು ಅವರೊಬ್ಬರೇ. ನೀನು ಬರದಿದ್ರೆ ಊಟಕ್ಕೇ ಕೂರಲ್ಲ ಅಂದಿದ್ದಾರೆ.”

ತವರಿಗೆ ಬಂದಿದ್ದ ಮಗಳು ಕನ್ನಡಿಯ ಮುಂದಿನಿಂದಲೇ ಬಾಯಿ ಹಾಕಿದಳು. “ನಡಿಯಮ್ಮ, ನಾನಿದ್ದೀನಲ್ಲ. ಅಲ್ಲಿ ಅದೇನು ಅಮೃತ ಬಡಿಸ್ತಾರೋ ನಾನೂ ನೋಡ್ತೀನಿ. ನಿನ್ನ ಸೊಸೆ ಟೀಚರಮ್ಮನಿಗೆ ಮನೆ ಒಲೆ ಹತ್ತಿಸೋದು ಅಂದ್ರೆ ಕೈನೋವು, ಹೋಟೆಲ್ ಅಂದ್ರೆ ಕಾಲಿಗೆ ಚಕ್ರ!”

ಯಜಮಾನರು ಬದುಕಿದ್ದಾಗ ಗಡಿಯಾರ ರಿಪೇರಿ ಮಾಡುತ್ತಿದ್ದರು. ಅವರ ಅಂಗಡಿಯ ಪಕ್ಕದ್ದೇ ಟೈಲರನ ಅಂಗಡಿ. ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ. ಅದನ್ನು ತಟ್ಟಿ ತಟ್ಟಿಯೇ ಇಬ್ಬರೂ ಮುದುಕರಾದರು. ಮೊದಮೊದಲು ಹೋಟೆಲ್ ಊಟವೆಂದರೆ ಅಪರೂಪಕ್ಕೊಮ್ಮೆ, ಯಾವುದಾದರೂ ಸಂತೋಷದ ನೆಪಕ್ಕೆ. ಆದರೆ ಯಜಮಾನರ ಕೊನೆಯ ಎರಡು ವರ್ಷಗಳಲ್ಲಿ ಅದೇನು ಹುಚ್ಚು ಹಿಡಿಯಿತೋ! “ಇವತ್ತು ಎಲ್ಲರೂ ಹೊರಗೆ ಹೋಗಿ ಉಣ್ಣೋಣ ಬನ್ನಿ, ಟೈಲರನ್ನೂ ಕರೀರಿ,” ಎನ್ನುವುದು ವಾರಕ್ಕೊಮ್ಮೆಯಾಯಿತು, ಆಮೇಲೆ ಎರಡು ಮೂರು ಸಲವೂ ಆಯಿತು. ಹೃದಯ ದುರ್ಬಲವಾಗಿದೆ, ರಕ್ತದೊತ್ತಡವಿದೆ, ಉಪ್ಪು ತೀರ ಕಡಿಮೆ ಮಾಡಿ ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಹಾಗೆ ಹೇಳಿಸಿಕೊಂಡ ಮನುಷ್ಯ ಹೋಟೆಲ್ಲಿಗೆ ಹೊರಡುವುದೇ? ಆ ಮಾತು ಎತ್ತುತ್ತಿದ್ದದ್ದು ಯಜಮಾನರಾದರೂ ಹಿಂದೆ ನಿಂತು ಹೂಂಗುಟ್ಟುತ್ತಿದ್ದವಳು ಸೊಸೆ. ಅತ್ತೆ ಕಂಡದ್ದು ಅದನ್ನೇ. ಮನೆಯಲ್ಲಿ ತಾನು ಡಾಕ್ಟರ ಮಾತಿನಂತೆ ನಾಲಿಗೆಗೆ ತಾಗಿಯೂ ತಾಗದಷ್ಟು ಉಪ್ಪು ಹಾಕಿ, ಮಕ್ಕಳಿಗೆ ಉಣಿಸಿದ ಹಾಗೆ ಅಕ್ಕರೆಯಿಂದ ಉಣಿಸುವುದು. ಇವಳು ತನ್ನ ನಾಲಿಗೆ ಚಪಲಕ್ಕೆ ಅವರನ್ನು ಹೊರಗೆ ಕರೆದೊಯ್ದು ಹಾಳುಮಾಡುವುದು...

ಅವರು ತೀರಿಕೊಂಡ ದಿನದಿಂದ ಅತ್ತೆ ಅಡುಗೆಮನೆಗೆ ಕಾಲಿಡಲಿಲ್ಲ. ಸಮಾಧಾನ ಹೇಳಲು ಬಂದವರಿಗೆಲ್ಲ ಅವರು ಹೇಳಿದ್ದು ಒಂದೇ ಮಾತು: “ನನ್ನ ಕೈ ಊಟ ಉಂಡಿದ್ದರೆ ಇನ್ನೂ ಬದುಕಿರೋರು. ಸೊಸೆ ತಿನ್ನಿಸಿ ತಿನ್ನಿಸಿ ಕಳಿಸಿಬಿಟ್ಟಳು.” ಮಾತು ಬೀದಿ ದಾಟಿ ಸೊಸೆ ಪಾಠ ಹೇಳುವ ಶಾಲೆಯವರೆಗೂ ಹೋಯಿತು. ಅವಳು ಒಮ್ಮೆಯೂ ಎದುರಾಡಲಿಲ್ಲ. ತಪ್ಪಿಲ್ಲದಿದ್ದರೆ ಸುಮ್ಮನಿರುತ್ತಿದ್ದಳೇ ಎಂದು ಅತ್ತೆ ಅದನ್ನೂ ಅವಳ ಲೆಕ್ಕಕ್ಕೇ ಹಾಕಿದರು. ಅವಳು ಬಡಿಸಿದ್ದೆಲ್ಲ ಸಪ್ಪೆ. “ಗಂಡ ಸತ್ತವಳಿಗೆ ಉಪ್ಪೂ ದಂಡವೇನೇ?” ಎಂದು ತಟ್ಟೆ ತಳ್ಳುವರು. ಸೊಸೆ ತಟ್ಟೆಯನ್ನು ಮತ್ತೆ ಅವರ ಮುಂದಕ್ಕೆ ಸರಿಸಿ, “ಸ್ವಲ್ಪ ಉಣ್ಣಿ ಅತ್ತೆ,” ಎನ್ನುವಳು. ಅಷ್ಟೇ.

ಅಂತೂ ಆ ಮಧ್ಯಾಹ್ನ, ಸತ್ತ ಗಂಡನ ಸ್ನೇಹಕ್ಕೆ ಕಟ್ಟುಬಿದ್ದು, ಅತ್ತೆ ಹೊರಟರು.

ಬಸ್ ನಿಲ್ದಾಣದ ಎದುರಿನ ಆ ಹೋಟೆಲ್ಲಿನಲ್ಲಿ ಏನೂ ಬದಲಾಗಿರಲಿಲ್ಲ. ಅದೇ ಗೀರುಬಿದ್ದ ಮೇಜುಗಳು, ಲಟಲಟ ಎನ್ನುವ ಅದೇ ಫ್ಯಾನು. ಟೈಲರ್ ಮೊದಲೇ ಬಂದು ಕಿಟಕಿ ಪಕ್ಕದ ಮೇಜು ಹಿಡಿದಿದ್ದ. ಅತ್ತೆಯನ್ನು ಕಂಡವನೇ ಎದ್ದು ಕುರ್ಚಿ ಎಳೆದು ಕೊಟ್ಟ.

“ಬನ್ನಿ ಅತ್ತಿಗೆ, ಬನ್ನಿ. ನೀವು ಬರಲ್ಲ ಅಂತ ನಾನು ಗಾಬರಿಯಾಗಿದ್ದೆ. ಬರದಿದ್ರೆ ನಿಮ್ಮ ರವಿಕೆ ಅಳತೆಯನ್ನ ಊರಿಗೆಲ್ಲ ಹೇಳಿ ಹೋಗ್ತಿದ್ದೆ ನೋಡಿ!”

“ಹೇಳು ಹೇಳು, ಈಗ ಯಾವ ಅಳತೆ ಉಳಿದಿದೆ?” ಎಂದರು ಅತ್ತೆ. ಎಷ್ಟೋ ದಿನಗಳ ಮೇಲೆ ತುಟಿಯ ಕೊನೆ ಕೊಂಚ ಅಲುಗಿತು. ಆದರೆ ಎದುರಿಗೆ ಕುಳಿತ ಸೊಸೆ ಸಪ್ಲೈಯರನ್ನು ಕರೆದು ಎಲ್ಲರಿಗೂ ತರಕಾರಿ ಸೂಪು ಹೇಳಿದ್ದು ಕಂಡೊಡನೆ ಆ ನಗೆ ಬತ್ತಿತು.

“ನೋಡಿದ್ಯೇನಮ್ಮ? ಏನು ಬೇಕು ಅಂತ ಕೇಳೋದೂ ಇಲ್ಲ,” ಎಂದಳು ಮಗಳು. “ಅಪ್ಪನಿಗೂ ಹೀಗೇ ಹೇಳ್ತಿದ್ದಳೇನೋ. ಪಾಪ, ಅವರು ಬಾಯಿ ಮುಚ್ಚಿಕೊಂಡು ತಿಂತಿದ್ದರೇನೋ...”

“ತಿಂದರು, ಹೋದರು,” ಎಂದರು ಅತ್ತೆ. “ಈ ಕುರ್ಚಿಯಲ್ಲೇ ಕೂತು ತಿಂದರು. ದೇವರು ನೋಡ್ತಾ ಇದ್ದಾನೆ. ಯಾರ ಕೈಯಿಂದ ಯಾರ ಜೀವ ಹೋಯ್ತು ಅಂತ ಅವನಿಗೆ ಗೊತ್ತು!”

ಟೈಲರನ ಮುಖ ಕೆಂಪಾಯಿತು. “ಅತ್ತಿಗೆ, ನಾನು ಈ ಊರು ಬಿಟ್ಟು ಹೋಗ್ತಿರೋನು. ಒಂದು ಮಾತು ಹೇಳದೆ ಹೋದ್ರೆ ನನ್ನ...”

“ಬೇಡ ಟೈಲರ್ ಮಾವ!” ಎಂದಳು ಸೊಸೆ. ಇಡೀ ವರ್ಷ ದನಿಯೇರಿಸದವಳು ಈಗ ಏರಿಸಿದ್ದಳು. “ನಿಮ್ಮ ದಮ್ಮಯ್ಯ. ಬೇಡ.”

ಅಷ್ಟರಲ್ಲಿ ಸೂಪು ಬಂತು. ಎಲ್ಲರೂ ಜಗಳ ಮುಚ್ಚುವವರಂತೆ ಬಟ್ಟಲಿಗೆ ತಲೆ ಬಗ್ಗಿಸಿದರು. ಅತ್ತೆಗೂ ಹಸಿವಾಗಿತ್ತು. ಒಂದು ಚಮಚ ಕುಡಿದರು, ಇನ್ನೊಂದು ಕುಡಿದರು. ಆಶ್ಚರ್ಯ! ಎಷ್ಟು ತಿಂಗಳಾಗಿತ್ತೋ ಬಾಯಿಗೆ ಒಂದಿಷ್ಟು ರುಚಿ ಹತ್ತಿ. ದುಃಖಕ್ಕೆ ನಾಲಿಗೆ ಸತ್ತುಹೋಗಿದೆ ಎಂದು ಎಲ್ಲರೂ ಹೇಳುತ್ತಿದ್ದರು. ತಾವೂ ಹಾಗೆಯೇ ನಂಬಿದ್ದರು. ಅದಕ್ಕೂ ಮುಂಚೆ, ಯಜಮಾನರು ಇದ್ದಾಗ, ಮೈ ಸುಡುವ ಜ್ವರವೊಂದು ಬಂದು ಹೋದ ನಂತರದ ದಿನಗಳಲ್ಲಿ, “ಈಗಿನ ಉಪ್ಪಿನಲ್ಲಿ ಉಪ್ಪೇ ಇಲ್ಲ, ಏನು ಬೆರೆಸ್ತೀಯೋ?” ಎಂದು ಅಂಗಡಿಯವನ ಜೊತೆ ಜಗಳವಾಡಿದ್ದೂ ಉಂಟು. ಈ ಸೂಪಿನಲ್ಲಿ ಮಾತ್ರ ಉಪ್ಪು ಹದವಾಗಿ, ಹಿತವಾಗಿ ತಾಗಿತು. ತಲೆಯೆತ್ತದೆ ಬಟ್ಟಲು ಬರಿದು ಮಾಡಿದರು.

ತಲೆಯೆತ್ತಿದಾಗ ಮಗಳು ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಿದ್ದಳು. ಮಗ ಗಟಗಟ ನೀರು ಕುಡಿಯುತ್ತಿದ್ದ. ಟೈಲರ್ ಬಟ್ಟಲನ್ನು ದೂರ ತಳ್ಳಿದ್ದ. ಸಪ್ಲೈಯರ್ ಓಡಿಬಂದ.

“ತಪ್ಪಾಯ್ತು ಸಾರ್, ತಪ್ಪಾಯ್ತು! ಒಳಗೆ ಇಬ್ಬರು ಎರಡೆರಡು ಸಲ ಉಪ್ಪು ಹಾಕಿಬಿಟ್ಟಿದ್ದಾರೆ. ಎಲ್ಲ ಮೇಜಿನವರೂ ಬೈತಾ ಇದ್ದಾರೆ. ಬೇರೆ ತರ್ತೀನಿ, ಇದನ್ನ ಯಾರೂ ಬಾಯಿಗೆ ಇಡೋ ಹಾಗಿಲ್ಲ...” ಎನ್ನುತ್ತ ಬಟ್ಟಲುಗಳನ್ನು ಎತ್ತತೊಡಗಿದವನ ಕೈ ಅತ್ತೆಯ ಮುಂದೆ ನಿಂತಿತು. “ಅಮ್ಮಾ... ನೀವು ಕುಡಿದುಬಿಟ್ರಾ?”

“ಚೆನ್ನಾಗಿತ್ತಲ್ಲಪ್ಪ,” ಎಂದರು ಅತ್ತೆ. “ಇನ್ನೂ ಒಂದು ಚೂರು ಉಪ್ಪು ಬೇಕಿತ್ತು.”

ಮಗಳು ಬಿದ್ದು ಬಿದ್ದು ನಕ್ಕಳು. “ಅಯ್ಯೋ ಅಮ್ಮಾ, ಸಮುದ್ರಾನೇ ತಂದು ಸುರಿದ ಹಾಗಿದೆ, ತಮಾಷೆ ಮಾಡ್ತಿದ್ದೀಯಾ?” ಬೇರೆ ಯಾರೂ ನಗಲಿಲ್ಲ. ಮಗ ಲೋಟದೊಳಗೆ ನೋಡುತ್ತಿದ್ದ. ಅತ್ತೆ ಸೊಸೆಯ ಮುಖ ನೋಡಿದರು. ಅಲ್ಲಿ ಆಶ್ಚರ್ಯವಿರಲಿಲ್ಲ. ಭಯವಿತ್ತು. ಬಹಳ ದಿನ ಮುಚ್ಚಿಟ್ಟದ್ದು ಕಣ್ಣೆದುರೇ ಜಾರಿ ಬೀಳುವಾಗ ಹಿಡಿಯಲು ಹೋಗುವವರ ಭಯ.

ಅತ್ತೆ ಮೇಜಿನ ಮೇಲಿದ್ದ ಉಪ್ಪಿನ ಡಬ್ಬಿ ತೆಗೆದುಕೊಂಡರು. ಅಂಗೈ ಮೇಲೆ ಸುರಿದುಕೊಂಡರು.

“ಅತ್ತೆ, ಬೇಡ,” ಎಂದಳು ಸೊಸೆ, ಅರ್ಧ ಎದ್ದು.

ಅವರು ಅದನ್ನು ಬಾಯಿಗೆ ಹಾಕಿಕೊಂಡರು. ಹಲ್ಲಿಗೆ ಮರಳು ಸಿಕ್ಕಿದಂತಾಯಿತು. ಅದು ಕರಗಿತು. ಎಲ್ಲೋ ದೂರದಲ್ಲಿ, ಗೋಡೆಯಾಚೆ ಯಾರೋ ಮಾತಾಡಿದ ಹಾಗೆ, ಒಂದಿಷ್ಟು ಉಪ್ಪು... ಅಷ್ಟೇ. ಅಷ್ಟನ್ನು ತಾಗಿಸುವುದಕ್ಕೆ ಒಂದು ಹಿಡಿಯೇ ಬೇಕಾಯಿತು! ಮನೆಯ ಒಲೆಯ ಮುಂದೆ ನಿಂತು, ನಾಲಿಗೆಗೆ ತಾಗಿಯೂ ತಾಗದಷ್ಟು ಎಂದುಕೊಂಡು, ತಾನು ಹಾಕುತ್ತಿದ್ದದ್ದು ಎಷ್ಟು? ದಿನವೂ ಎಷ್ಟು? ಯಾರಿಗೆ?

“ಟೈಲರ್,” ಎಂದರು. ದನಿ ತಮ್ಮದೇ ಎನಿಸಲಿಲ್ಲ. “ನೀನು ಏನೋ ಹೇಳೋಕೆ ಹೊರಟಿದ್ದೆ. ಹೇಳು.”

ಟೈಲರ್ ಸೊಸೆಯತ್ತ ನೋಡಿದ. ಅವಳು ಮುಖ ಮುಚ್ಚಿಕೊಂಡಿದ್ದಳು.

“ಅವನು ಇಲ್ಲಿ ಉಪ್ಪಿಲ್ಲದ್ದೇ ತಿಂತಿದ್ದ ಅತ್ತಿಗೆ,” ಎಂದ ಟೈಲರ್. “ನೀವು ಕೈ ತೊಳೆಯೋಕೆ ಹೋದಾಗ ಒಳಗೆ ಹೇಳಿ ಬರ್ತಿದ್ದ, ನನ್ನ ತಟ್ಟೆಗೆ ಉಪ್ಪು ಮುಟ್ಟಿಸಬೇಡಿ ಅಂತ. ವಾರದಲ್ಲಿ ಎರಡು ಹೊತ್ತಾದರೂ ಎದೆಗೆ ಬಿಡುವು ಸಿಗಲಿ ಅಂತಲೇ ಇಲ್ಲಿಗೆ ಬರ್ತಿದ್ದ. ಮನೆಯಲ್ಲಿ... ಮನೆಯಲ್ಲಿ ಬಿಸಿನೀರು ಬೆರೆಸ್ಕೊಂಡು ಉಣ್ತಿದ್ದ.”

“ನನಗೆ ಯಾಕೆ ಹೇಳಲಿಲ್ಲ? ಒಬ್ಬರೂ ಯಾಕೆ ಹೇಳಲಿಲ್ಲ!”

“ಅಪ್ಪ ಆಣೆ ಹಾಕಿಸಿಕೊಂಡಿದ್ದರು,” ಎಂದ ಮಗ. “‘ಅವಳಿಗೆ ಇರೋದೇ ಆ ಒಲೆ. ಜ್ವರದ ಮೇಲೆ ನಾಲಿಗೆ ಕೆಟ್ಟು ಕೈಯ ಹದ ತಪ್ಪಿದೆ ಅಂತ ಗೊತ್ತಾದ್ರೆ ನನಗಿಂತ ಮುಂಚೆ ಅವಳು ಹೋಗ್ತಾಳೆ’ ಅಂದರು. ಇವಳು ಅಡುಗೆ ಮಾಡ್ತೀನಿ ಅಂತ ಎಷ್ಟು ಸಲ ಬಂದಳು ಅಮ್ಮ... ನೀನು ಒಳಗೇ ಬಿಡಲಿಲ್ಲ.”

ಹೌದು. ಬಿಟ್ಟಿರಲಿಲ್ಲ. ‘ಟೀಚರಮ್ಮ, ನೀನು ಮಕ್ಕಳಿಗೆ ಪಾಠ ಹೇಳು ಹೋಗು’ ಎಂದು ಬಾಗಿಲಿನಿಂದಲೇ ಅಟ್ಟಿದ್ದರು.

ಮಗಳ ನಗು ಎಲ್ಲಿ ಹೋಯಿತೋ. “ಅಮ್ಮಾ, ಅವರೆಲ್ಲ ಸೇರಿ ಏನೋ ಹೇಳ್ತಾರೆ, ನೀನು ಮನಸ್ಸಿಗೆ ಹಚ್ಕೋಬೇಡ...” ಎಂದು ತಾಯಿಯ ಭುಜ ಹಿಡಿದಳು. ಅತ್ತೆ ಆ ಕೈಯನ್ನು ಮೆಲ್ಲಗೆ ತೆಗೆದರು.

“ನೀನು ಬಾಯಿ ಮುಚ್ಚು. ನಿನ್ನ ಬಾಯಿಗೆ ಆ ಮಾತು ಕೊಟ್ಟವಳು ನಾನು, ಈಗ ನಾನೇ ವಾಪಸು ತಗೋತೀನಿ. ನಿನ್ನ ಗಂಡನ ಮನೆಯಲ್ಲಿ, ಬೀದಿಯಲ್ಲಿ, ಎಲ್ಲೆಲ್ಲಿ ಹೇಳಿದ್ದೀಯೋ ಅಲ್ಲೆಲ್ಲ ಹೋಗಿ ಹೇಳು. ಸೊಸೆಯಲ್ಲ, ಹೆಂಡತಿ ಅಂತ ಹೇಳು. ನನ್ನ ತಂದೆಯನ್ನ ನನ್ನ ತಾಯಿ...”

“ಅತ್ತೆ!” ಸೊಸೆ ಮೇಜು ಸುತ್ತಿ ಬಂದು ಅವರ ಬಾಯಿಗೆ ಕೈ ಅಡ್ಡ ಹಿಡಿದಳು. “ಹಾಗೆ ಅನ್ನಬೇಡಿ. ಅವರ ಹೃದಯ ಮೊದಲೇ ಸೋತಿತ್ತು, ಡಾಕ್ಟರೇ ಹೇಳಿದ್ದರು. ಅದಕ್ಕೇ ಹೋದರು, ಇದಕ್ಕೇ ಹೋದರು ಅಂತ ಯಾರಿಗೆ ಗೊತ್ತು? ದೇವರಿಗೇ ಗೊತ್ತು.”

ದೇವರಿಗೇ ಗೊತ್ತು! ಸ್ವಲ್ಪ ಹೊತ್ತಿನ ಹಿಂದೆ ಅದೇ ಮಾತನ್ನು ತಾವು ಕಲ್ಲಿನಂತೆ ಎಸೆದಿದ್ದರು. ಇವಳು ಅದನ್ನು ಗಾಯಕ್ಕೆ ಕಟ್ಟುವ ಬಟ್ಟೆಯಂತೆ ಕೊಡುತ್ತಿದ್ದಾಳೆ.

ಬೇರೆ ಸೂಪು ಬಂತು. ಯಾರೂ ಕುಡಿಯಲಿಲ್ಲ. ಟೈಲರ್ ಕನ್ನಡಕ ತೆಗೆದು ಒರೆಸಿದ, ಮತ್ತೆ ಒರೆಸಿದ. ಹೊರಡುವಾಗ ಅತ್ತೆಯ ಕಾಲು ಮುಟ್ಟಲು ಬಗ್ಗಿದ. “ಹೇಳಬಾರದಿತ್ತೇನೋ ಅತ್ತಿಗೆ...”

“ಹೇಳಿದ್ದು ಒಳ್ಳೇದಾಯ್ತು,” ಎಂದರು ಅತ್ತೆ. “ಇಲ್ಲದಿದ್ರೆ ಈ ಹುಡುಗಿಯನ್ನ ಬೈಕೊಂಡೇ ನಾನೂ ಹೋಗಿಬಿಡ್ತಿದ್ದೆ. ಅಲ್ಲಿ ಅವರ ಮುಖ ಹೇಗೆ ನೋಡಲಿ?”

ಮನೆಗೆ ಬಂದ ಮೇಲೆ ಮಗಳು ಒಂದು ಮೂಲೆಯಲ್ಲಿ ಕೂತಳು, ಮಗ ಹೊರಗೆ ಹೋದ. ಅತ್ತೆ ಮಂಚದ ಅಂಚಿನಲ್ಲಿ ಕುಳಿತು ಬಹಳ ಹೊತ್ತು ತಮ್ಮ ಎರಡು ಅಂಗೈಗಳನ್ನೇ ನೋಡಿದರು. ಸೊಸೆ ಕುಡಿಯಲು ನೀರು ತಂದಾಗ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

“ಒಂದು ಕೇಳ್ತೀನಿ, ನಿಜ ಹೇಳು. ಅವರು ಆಸ್ಪತ್ರೆಯಲ್ಲಿದ್ದಾಗ ದಿನಾ ಕ್ಯಾರಿಯರ್ ಕಟ್ಟಿ ನಿನ್ನ ಕೈಲಿ ಕಳಿಸ್ತಿದ್ದೆ. ಖಾಲಿಯಾಗಿ ಬರ್ತಿತ್ತು. ಕಡೇವರೆಗೂ ನನ್ನ ಕೈ ಊಟ ಉಂಡು ಹೋದರು ಅಂತ ಅದೊಂದೇ ನನಗೆ ಸಮಾಧಾನ ಇತ್ತು. ಅದನ್ನೂ... ಅವರು ಉಂಡರೇನೇ?”

ಸೊಸೆ ತಲೆ ತಗ್ಗಿಸಿದಳು. ಹೌದೆಂದರೂ ಕಷ್ಟ, ಇಲ್ಲವೆಂದರೂ ಕಷ್ಟ.

“ಇಲ್ಲ ಅತ್ತೆ. ಅವರಿಗೆ ಆಸ್ಪತ್ರೆಯವರು ಕೊಟ್ಟ ಗಂಜಿನೇ ಕುಡಿಸ್ತಿದ್ದೆ. ಕ್ಯಾರಿಯರ್ ಮುಚ್ಚಳ ತೆಗೆದು ವಾಸನೆ ಮಾತ್ರ ನೋಡ್ತಿದ್ದರು. ನೋಡಿ ನಗ್ತಿದ್ದರು.”

ಅತ್ತೆಯ ಎದೆಯಿಂದ ಒಂದು ಭಾರ ಇಳಿಯಿತು. ಅದರ ಜೊತೆಯಲ್ಲೇ ಇದ್ದ ಒಂದು ಆಸರೆಯೂ ಕಳಚಿ ಬಿತ್ತು. “ಮತ್ತೆ ಅನ್ನ ಚೆಲ್ತಿದ್ಯಾ?”

“ಮೊದಲನೇ ದಿನ ಚೆಲ್ಲೋಕೆ ಹೋದೆ. ಕೈ ಬರಲಿಲ್ಲ. ನೀವು ಬೆಳಕು ಹರಿಯೋ ಮುಂಚೆ ಎದ್ದು, ದೇವರನ್ನ ನೆನೆಸಿಕೊಂಡು ಮಾಡಿದ್ದು... ಹೇಗೆ ಚೆಲ್ಲಲಿ? ಮೆಟ್ಟಿಲ ಕೆಳಗೆ ಕೂತು ನಾನೇ ಉಣ್ತಿದ್ದೆ.”

“ಎಲ್ಲಾನೂ?”

“ಎಲ್ಲಾನೂ, ಅತ್ತೆ.”

ಅತ್ತೆ ಅವಳ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದರು. ಅಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ಆ ಮುಖವನ್ನು ಹಾಗೆ ಹತ್ತಿರದಿಂದ ನೋಡಿರಲಿಲ್ಲ. ಅಳು ಉಕ್ಕಿ ಬಂತು. ಅಳುವಿನ ನಡುವೆ ಅದೆಲ್ಲಿಂದಲೋ ಒಂದು ನಗುವೂ ಬಂತು.

“ಎಷ್ಟು ನೀರು ಕುಡಿದೆಯೇ ನನ್ನ ಮಗಳೇ... ಎಷ್ಟು ನೀರು ಕುಡಿದೆಯೇ!”